ಮೂರನೇ ಮಹಡಿಯ ಪೆರೆಂಡಿನೇಟ್ ಪ್ರಕರಣ

ಅರ್ಥವಾಗದ ಮಾತೊಂದು ಕಿವಿಗೆ ಬಿದ್ದಾಗ, ಎಲ್ಲ ಅರ್ಥವಾಯಿತೆಂಬಂತೆ ಗಂಭೀರವಾಗಿ ತಲೆಯಾಡಿಸಿದ ಅಪರಾಧ ನಿಮ್ಮಿಂದ ಎಂದೂ ನಡೆದಿಲ್ಲವೇ? ಎದೆ ಮುಟ್ಟಿಕೊಂಡು ಉತ್ತರಿಸಿ. ವೈದ್ಯರ ಮುಂದೆ ತಲೆಯಾಡಿಸಿದ್ದೀರಿ, ವಕೀಲರ ಮುಂದೆ ಆಡಿಸಿದ್ದೀರಿ, ಮಗಳ ಶಾಲೆಯ ಮುಖ್ಯೋಪಾಧ್ಯಾಯಿನಿಯ ಮುಂದಂತೂ ಕತ್ತು ನೋಯುವಷ್ಟು ಆಡಿಸಿದ್ದೀರಿ. ಮನೆಗೆ ಬಂದಾಗ ಹೆಂಡತಿ "ಏನಂದ್ರು?" ಎಂದು ಕೇಳಿದರೆ "ನಿನಗೆ ಹೇಳಿದ್ರೆ ತಿಳಿಯಲ್ಲ" ಎಂದು ಗದರಿದ್ದೀರಿ. ಇದು ಸಣ್ಣ ತಪ್ಪೆಂದು ನೀವು ಭಾವಿಸಿರಬಹುದು. ಈ ಸಣ್ಣ ತಪ್ಪೇ ಒಂದು ಗಟ್ಟಿಮುಟ್ಟಾದ ಕಟ್ಟಡವನ್ನು ಬುಲ್ಡೋಜರಿನ ಬಾಯಿಯವರೆಗೆ ಕೊಂಡೊಯ್ದ ವೃತ್ತಾಂತವನ್ನು ಕೇಳಿದ ಮೇಲೂ ಹಾಗೆಯೇ ಭಾವಿಸುವಿರಾದರೆ, ನಿಮ್ಮನ್ನು ತಿದ್ದುವ ಕೆಲಸ ಈ ಬರಹದ ಕೈಮೀರಿದ್ದು.

ಆ ಕಟ್ಟಡದ ಮೂರನೇ ಮಹಡಿಯಲ್ಲಿ ನಿಘಂಟಪ್ಪನವರು ವಾಸವಾಗಿದ್ದರು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಂಗ್ಲಿಷ್ ನಿಘಂಟಿನ ಮೂಲೆಯಲ್ಲಿ ಧೂಳು ತಿನ್ನುತ್ತ ಮಲಗಿದ ಪದಗಳನ್ನು ರಟ್ಟೆ ಹಿಡಿದು ಎಬ್ಬಿಸಿ ತಂದು, ಅಮಾಯಕರ ಮೇಲೆ ಛೂ ಬಿಡುವ ಅವರ ಚಟವನ್ನು ಸಹಿಸಲಾರದೆ ನೆರೆಹೊರೆಯವರು ಈ ಹೆಸರನ್ನು ಅಂಟಿಸಿದ್ದರು. ಬೈಗುಳವೆಂದು ಕೊಟ್ಟದ್ದನ್ನು ಅವರು ಬಿರುದೆಂದು ಸ್ವೀಕರಿಸಿದರು. ತಮ್ಮನ್ನು ನೋಡಿ ನಕ್ಕವರನ್ನು ಕಂಡರೆ, ಪಾಪ, ಅವರಿಗೆ ಹಲ್ಲುನೋವಿರಬೇಕೆಂದು ತಿಳಿಯುವಷ್ಟು ದೊಡ್ಡ ಮನಸ್ಸು ಅವರದು.

ಅವರ ಉದ್ಯೋಗ ವಸತಿಗೃಹಗಳ ದುರಸ್ತಿ ಇಲಾಖೆಯಲ್ಲಿ. ನಲ್ಲಿ ಸೋರುತ್ತದೆ, ಬಾಗಿಲು ಮುಚ್ಚುವುದಿಲ್ಲ, ಸೂರು ಉದುರುತ್ತದೆ ಎಂದು ಇಲಾಖೆಯ ಕಟ್ಟಡಗಳಲ್ಲಿ ವಾಸವಾಗಿರುವವರು ಬರೆದುಕೊಂಡ ಅರ್ಜಿಗಳ ಮೇಲೆ ಮೊದಲ ಟಿಪ್ಪಣಿ ಬರೆಯುವುದು ಅವರ ಪಾಲಿನ ದೇಶಸೇವೆ. ಹಲವು ವರ್ಷಗಳಿಂದ ಅವರು ಬರೆಯುತ್ತಿದ್ದ ಟಿಪ್ಪಣಿ ಒಂದೇ: "ನಾಡಿದ್ದು ಮಂಡಿಸಿ." ಏಕೆ ನಾಡಿದ್ದು? ಇಂದು ಮಂಡಿಸಿದರೆ ಕೆಲಸವಿಲ್ಲದವನೆಂದು ಮೇಲಿನವರು ತಿಳಿಯುತ್ತಾರೆ. ನಾಳೆ ಎಂದರೆ ಅರ್ಜಿದಾರ ನಾಳೆಯೇ ಬಂದು ನಿಲ್ಲುತ್ತಾನೆ. ನಾಡಿದ್ದು ಎಂಬುದು ಮನುಷ್ಯನ ಆಸೆಗೆ ಎಟುಕುವಷ್ಟು ಹತ್ತಿರ, ಅವನ ಕಾಲಿಗೆ ಎಟುಕದಷ್ಟು ದೂರ.

ಅವರ ಅಡುಗೆಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಹಾಳೆಗೊಂದು ಅಪರೂಪದ ಇಂಗ್ಲಿಷ್ ಪದ. ಒಂದು ಪದವನ್ನು ಸೂರ್ಯ ಮುಳುಗುವುದರೊಳಗೆ ಮೂರು ಸಲ ಬಳಸಿದರೆ ಅದು ಬಳಸಿದವನ ಸ್ವತ್ತಾಗುತ್ತದೆಂದು ಅದರ ಮೇಲ್ಹೊದಿಕೆಯಲ್ಲಿ ಅಚ್ಚಾಗಿತ್ತು. ಆ ಸೋಮವಾರ ಬೆಳಗ್ಗೆ ಹಾಳೆ ಹರಿದಾಗ ಹೊರಬಿದ್ದ ಪದ "ಪೆರೆಂಡಿನೇಟ್".

ಕ್ರಿಯಾಪದ. ಅರ್ಥ: ನಾಡಿದ್ದಿಗೆ ಮುಂದೂಡುವುದು. ಮೂಲ: ಲ್ಯಾಟಿನ್ ಭಾಷೆ, ಅಲ್ಲಿ ಪೆರೆಂಡಿಯೆ ಎಂದರೆ ನಾಡಿದ್ದು. ಬಳಕೆ: ತೀರಾ ವಿರಳ. ಹಿಂದಿನ ಕಾಲದಲ್ಲಿ ಮಠಗಳಿಗೂ ವಿದ್ಯಾಲಯಗಳಿಗೂ ಅತಿಥಿಗಳಾಗಿ ಬಂದು, ಹೊರಡುವ ದಿನವನ್ನು ಮುಂದೆ ಮುಂದೆ ಹಾಕುತ್ತ ಅಲ್ಲಿಯೇ ಬೇರೂರಿದವರನ್ನೂ ಇದೇ ಬೇರಿನಿಂದ ಹುಟ್ಟಿದ ಹೆಸರಿನಿಂದ ಕರೆಯುತ್ತಿದ್ದರಂತೆ. ಇಷ್ಟು ಹಾಳೆಯಲ್ಲಿದ್ದ ಮಾತು. ಹಾಳೆಯಲ್ಲಿ ಇಲ್ಲದ್ದನ್ನು ಇಲ್ಲಿ ಹೇಳಬೇಕಾಗಿದೆ. ನಾಡಿದ್ದು ಎಂಬ ದಿನಕ್ಕೆ ಬಳಕೆಯ ಇಂಗ್ಲಿಷಿನಲ್ಲಿ ಒಂಟಿ ಪದವಿಲ್ಲ. ನಾಳೆಯ ನಂತರದ ದಿನ ಎಂದು ಸುತ್ತಿ ಬಳಸಿ ಹೇಳಬೇಕು. ಇಲ್ಲದವರು ಲ್ಯಾಟಿನ್ನಿನ ಮನೆಬಾಗಿಲು ತಟ್ಟಿ ಕಡ ತಂದರೆ ಅದನ್ನು ಕ್ಷಮಿಸಬಹುದು. ಆದರೆ "ನಾಡಿದ್ದು" ಎಂಬ ಮಾತನ್ನು ಹಾಲುಹಲ್ಲಿನಿಂದಲೇ ಆಡಿ ಬೆಳೆದ ಮನುಷ್ಯ, ಮನೆಯಲ್ಲಿರುವ ಸರಕನ್ನೇ ಎರಡು ಪರದೇಶಗಳನ್ನು ದಾಟಿಸಿ ತರಿಸಿಕೊಂಡರೆ ಅವನನ್ನು ಏನೆಂದು ಕರೆಯಬೇಕು? ನಿಘಂಟಪ್ಪ ಎಂದು ಕರೆಯಬೇಕು.

"ಅಳಿಯಂದಿರೇ, ಆ ಕಂಬಿ ಏನಾಯ್ತು?" ಎಂದು ಊಟದ ಮೇಜಿನ ಆಚೆ ಬದಿಯಿಂದ ಅತ್ತೆ ಕೇಳಿದರು.

ಕಂಬಿಯ ವಿಷಯ ಹೀಗೆ. ಕೆಳಗಿನ ಮಹಡಿಯ ಟೈಪಿಸ್ಟಮ್ಮನ ಹೊಸ ಕಬ್ಬಿಣದ ಬೀರುವನ್ನು ಏರಿಸುವಾಗ ಹಮಾಲರು ದಾರಿ ತಪ್ಪಿ ಒಂದು ಮಹಡಿ ಹೆಚ್ಚಿಗೆ ಹತ್ತಿ, ಇಳಿಯುವಾಗ ಮೂರನೇ ಮಹಡಿಯ ಮೆಟ್ಟಿಲ ಕಂಬಿಯನ್ನು ಕಿತ್ತುಕೊಂಡೇ ಇಳಿದಿದ್ದರು. ಅಂದಿನಿಂದ ಅತ್ತೆ ಕೆಳಗಿಳಿದಿರಲಿಲ್ಲ. ಅವರ ಮೊಣಕಾಲು ಮೆಟ್ಟಿಲನ್ನು ಒಪ್ಪುತ್ತಿತ್ತು, ಹಿಡಿಯಲು ಏನಾದರೂ ಇದ್ದರೆ ಮಾತ್ರ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ದರ್ಜಿಯ ತಾಯಿಯೊಡನೆ ಕುಳಿತು, ಹೋಗುವವರ ಬರುವವರ ನಡತೆಯನ್ನು ವಿಮರ್ಶಿಸುವುದು ಅವರ ಜೀವನದ ಒಂದೇ ವಿಲಾಸವಾಗಿತ್ತು. ಅದು ಹೋಗಿತ್ತು. ಅರ್ಜಿಯನ್ನು ಅವರೇ ತಮ್ಮ ಕೈಯಾರೆ ಬರೆದು ಅಂಚೆಗೆ ಹಾಕಿಸಿದ್ದರು. ಅಳಿಯನ ಕೈಯಲ್ಲಿ ಕೊಟ್ಟರೆ ತಲುಪುವುದಿಲ್ಲವೆಂಬ ಅನುಭವ ಅವರಿಗಿತ್ತು.

"ಇವತ್ತು ನನ್ನ ಮೇಜಿಗೆ ಬರುತ್ತೆ ಅತ್ತೆ. ಬಂದ ಕೂಡ್ಲೇ ಪೆರೆಂಡಿನೇಟ್ ಮಾಡಿಬಿಡ್ತೀನಿ," ಎಂದರು ನಿಘಂಟಪ್ಪನವರು. ಬಳಕೆ ಒಂದು ಮುಗಿಯಿತು.

"ಹಾಗಂದ್ರೆ?"

"ಅದೆಲ್ಲ ಆಡಳಿತದ ಭಾಷೆ. ನಿಮಗೆ ಹೇಳಿದ್ರೆ ತಿಳಿಯಲ್ಲ."

"ತಿಳಿಯಲ್ಲ ಅಂತಾನೇ ಕೇಳಿದ್ದು. ತಿಳಿದಿದ್ರೆ ಕೇಳ್ತಿದ್ನಾ?"

"ಅಮ್ಮಾ, ಸುಮ್ನಿರು," ಎಂದಳು ಹೆಂಡತಿ. "ಅವರು ಮಾಡ್ತೀನಿ ಅಂದ್ರಲ್ಲ."

"ಏನು ಮಾಡ್ತಾರೆ ಅಂತ ನಿನಗಾದ್ರೂ ಗೊತ್ತಾಯ್ತಾ?"

"ಅದೇ... ಕಂಬಿಗೆ ಏನೋ ಮಾಡ್ತಾರೆ."

"ಕಂಬಿ ಬರೋ ತನಕ ನೀವಾದ್ರೂ ಸಾಯಂಕಾಲ ಒಂದ್ಸಲ ಭುಜ ಕೊಡಿ ಅಳಿಯಂದಿರೇ. ಇವಳಿಗೆ ಔಷಧಿ ಅಂಗಡೀಲಿ ಸಾಯಂಕಾಲದ ಪಾಳಿ. ಹಿಡ್ಕೊಂಡು ಇಳೀತೀನಿ, ಅಷ್ಟೇ."

"ನನಗೆ ಪುರಸೊತ್ತೆಲ್ಲಿ ಅತ್ತೆ?" ಎಂದು ಹೇಳಿ, ಸಾಯಂಕಾಲಗಳನ್ನೆಲ್ಲ ಆರಾಮಕುರ್ಚಿಯಲ್ಲಿ ಕಳೆಯುವ ಆ ಮಹನೀಯರು ಚೀಲ ಹೆಗಲಿಗೇರಿಸಿ ಹೊರಟರು. ಇಳಿಯುವಾಗ ಗೋಡೆಯನ್ನು ಸವರಿಕೊಂಡೇ ಇಳಿದರು.

ನೆಲಮಹಡಿಯ ವರಾಂಡದಲ್ಲಿ ದರ್ಜಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. "ಕಂಬಿ ವಿಷಯ ಏನ್ ಸಾರ್? ನಮ್ಮಮ್ಮ ಬೆಂಚಿನ ಮೇಲೆ ಒಬ್ಬಳೇ ಕೂತು ನನ್ನ ತಲೆ ತಿಂತಾಳೆ."

"ಪೆರೆಂಡಿನೇಟ್ ಮಾಡಿಸ್ತಾ ಇದೀನಿ ಕಣಯ್ಯಾ."

ದರ್ಜಿ ಒಂದು ಕ್ಷಣ ಸೂಜಿಯನ್ನು ನೋಡಿದ. ಊರಿಗೆಲ್ಲ ಅಳತೆ ಹಿಡಿಯುವ ತಾನು ಒಂದು ಪದಕ್ಕೆ ಅಳತೆ ಸಿಗದೆ ನಿಂತೆನೆಂದು ಯಾರೂ ಆಡಬಾರದಲ್ಲ! "ಮಾಡ್ಲೇಬೇಕು ಬಿಡಿ ಸಾರ್. ನಮ್ಮ ಭಾವನ ಮನೇಲೂ ಮಾಡಿಸಿದ್ರು. ಆಮೇಲೆ ಒಂದು ಚೂರೂ ತೊಂದ್ರೆ ಇಲ್ಲ."

ಬಳಕೆ ಎರಡು.

ಮೂರನೆಯದು ಕಚೇರಿಯಲ್ಲಿ ಸಂಭವಿಸಿತು. ಅತ್ತೆಯ ಅರ್ಜಿ ಕಡತವಾಗಿ ಮೇಜಿಗೆ ಬಂತು: ಮೂರನೇ ಮಹಡಿಯ ಮೆಟ್ಟಿಲ ಕಂಬಿ ಮುರಿದಿದೆ, ದಯವಿಟ್ಟು ಹಾಕಿಸಿಕೊಡಿ. ನಿಘಂಟಪ್ಪನವರು ಎಂದಿನ "ನಾಡಿದ್ದು ಮಂಡಿಸಿ" ಎಂಬುದನ್ನು ಬರೆಯಲು ಲೇಖನಿ ಎತ್ತಿ, ತಡೆದು, ತುಟಿಯ ಮೇಲೆ ಮಂದಹಾಸವನ್ನಿರಿಸಿಕೊಂಡು, "ಪೆರೆಂಡಿನೇಟ್ ಮಾಡುವುದು" ಎಂದು ದುಂಡಗೆ ಬರೆದು ಸಹಿ ಹಾಕಿದರು. ಪದ ಅವರ ಸ್ವತ್ತಾಯಿತು. ಇನ್ನು ಅದು ಏನು ಮಾಡಿದರೂ ಹೊಣೆ ಅವರದೇ.

ಆ ಇಲಾಖೆಯ ಒಂದು ಪದ್ಧತಿಯನ್ನು ಇಲ್ಲಿ ವಿವರಿಸುವುದು ಅವಶ್ಯಕ. ಕೆಳಗಿನವರು ಬರೆದುದನ್ನು ಮೇಲಿನವರು ಪ್ರಶ್ನಿಸುತ್ತಿರಲಿಲ್ಲ, ಪ್ರಶ್ನಿಸಬೇಕಾದರೆ ಓದಬೇಕಾಗುತ್ತಿತ್ತು. "ಮೇಲಿನಂತೆ" ಎಂದು ಬರೆದು ಸಹಿ ಹಾಕುವುದು ವಾಡಿಕೆ. ಆದರೆ ಬರಿಯ "ಮೇಲಿನಂತೆ" ಎಂದರೆ ಕೆಳಗಿನವರಿಗೂ ತಮಗೂ ವ್ಯತ್ಯಾಸವೇನು ಉಳಿಯಿತು? ಆದ್ದರಿಂದ ಪ್ರತಿಯೊಬ್ಬ ಅಧಿಕಾರಿಯೂ ತನ್ನ ದರ್ಜೆಗೆ ತಕ್ಕಂತೆ ಒಂದಿಷ್ಟನ್ನು ಸೇರಿಸುತ್ತಿದ್ದ. ಕೆಳಗಿನವರು ನಲ್ಲಿ ಎಂದರೆ ಇವನು ಕೊಳಾಯಿ ಎನ್ನಬೇಕು, ಇವನ ಮೇಲಿನವನು ಕೆರೆ ಎನ್ನಬೇಕು. ಇನ್ನು ಅರ್ಥ ಕೇಳುವ ಮಾತಂತೂ ದೂರ. ಹಿಂದೊಮ್ಮೆ ಒಬ್ಬ ಅಧಿಕಾರಿ ತುಂಬಿದ ಸಭೆಯಲ್ಲಿ ಒಂದು ಪದದ ಅರ್ಥವನ್ನು ಕೇಳಿಬಿಟ್ಟಿದ್ದರು. ನಿವೃತ್ತರಾಗುವವರೆಗೂ ಅವರನ್ನು "ಅಂದ್ರೇನು ಸಾಹೇಬ್ರು" ಎಂದೇ ಕರೆದರು. ಆ ಪದದ ಅರ್ಥ ಅಂದು ಸಭೆಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲವೆಂಬುದು ಬೇರೆ ಮಾತು.

ಮಧ್ಯಾಹ್ನ ಸೂಪರಿಂಟೆಂಡೆಂಟರು ನಿಘಂಟಪ್ಪನವರನ್ನು ಕರೆಸಿಕೊಂಡರು. ಬಾಗಿಲನ್ನು ಮುಂದಕ್ಕೆಳೆದು, ಕಡತವನ್ನು ನಡುವೆ ಇಟ್ಟು, ಕನ್ನಡಕ ಒರೆಸಿದರು.

"ನಿಘಂಟಪ್ಪ, ನೀವು ಬರೆದಿದ್ದು ನೋಡ್ದೆ. ನಾನೇನೂ ಬೇಡ ಅನ್ನಲ್ಲ. ಆದ್ರೆ ಇದನ್ನ ಪೂರ್ತಿ ಮಾಡ್ಬೇಕಾ, ಅರ್ಧ ಮಾಡಿದ್ರೆ ಸಾಕಾ?"

ಓದುಗರು ಗಮನಿಸಬೇಕು. ಆ ಕ್ಷಣದಲ್ಲಿ "ಸರ್, ಅದು ನಾಡಿದ್ದು ಅಂತ ಅಷ್ಟೇ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಕಂಬಿಯೂ ಬರುತ್ತಿತ್ತು. ಆದರೆ ಸೂಪರಿಂಟೆಂಡೆಂಟರು ಮೊಟ್ಟಮೊದಲ ಬಾರಿಗೆ ನಿಘಂಟಪ್ಪನವರ ಮುಖವನ್ನು, ಅದರಲ್ಲೇನೋ ಬರೆದಿದೆಯೆಂಬಂತೆ, ನೋಡುತ್ತಿದ್ದರು. ಆ ನೋಟದ ರುಚಿ ಹತ್ತಿತು.

"ಅರ್ಧ ಮಾಡೋಕೆ ಬರಲ್ಲ ಸರ್. ಮಾಡಿದ್ರೆ ಪೂರ್ತಿನೇ."

"ಅದೇ ನನ್ನ ಅಭಿಪ್ರಾಯವೂ. ಅರ್ಧಂಬರ್ಧ ಪೆರೆಂಡಿನೇಟ್ ಮಾಡೋಕೆ ಹೋಗಿ ಎಷ್ಟೋ ಕಡೆ ಕೆಟ್ಟಿದೆ," ಎಂದು ಸೂಪರಿಂಟೆಂಡೆಂಟರು ನಿಟ್ಟುಸಿರುಬಿಟ್ಟು ಬರೆದರು: "ಮೇಲಿನಂತೆ. ತಕ್ಷಣ. ಪೂರ್ತಿಯಾಗಿ."

ನಾಡಿದ್ದಿಗೆ ಮುಂದೂಡುವುದನ್ನು ತಕ್ಷಣ ಮಾಡಬೇಕು, ಪೂರ್ತಿಯಾಗಿ ಮಾಡಬೇಕು. ಆಡಳಿತದ ಸಾರವನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ.

ಕಡತ ಎಂಜಿನಿಯರರ ಮೇಜಿಗೆ ಏರಿತು. ಅವರು ಅದನ್ನು ಎರಡು ಸಲ ತಿರುವಿಹಾಕಿ, ಹಲ್ಲುಕಡ್ಡಿ ಆಡಿಸುತ್ತ, "ಯಾವ ವಿಧಾನದಲ್ಲಿ ಅಂತ ಬರೆದಿಲ್ವಲ್ಲ? ಒಣ ವಿಧಾನವೋ, ನೀರು ಹಾಕಿ ಮಾಡೋದೋ?" ಎಂದು ಸೂಪರಿಂಟೆಂಡೆಂಟರನ್ನು ಕೇಳಿದರು.

"ಅದು ತಾಂತ್ರಿಕ ವಿಷಯ ಸರ್. ತಮಗೆ ಬಿಟ್ಟಿದ್ದು."

"ಹೌದೌದು. ನನಗೆ ಬಿಟ್ಟಿದ್ದೇ. ಸುಮ್ನೆ ನಿಮಗೆ ಗೊತ್ತಿದೆಯಾ ಅಂತ ಕೇಳ್ದೆ." ಎಂಜಿನಿಯರರು ತಮ್ಮ ದರ್ಜೆಯನ್ನು ಕಾಪಾಡಿಕೊಂಡರು: "ಮೇಲಿನಂತೆ. ಕಂಬಿಯೊಂದೇ ಸಾಲದು. ಮೆಟ್ಟಿಲಸಾಲನ್ನೆಲ್ಲ."

ಮರುದಿನ ಬೆಳಗ್ಗೆ ಮೂವರನ್ನೂ ಸಾಹೇಬರ ಕೋಣೆಗೆ ಕರೆಯಲಾಯಿತು. ಸಾಹೇಬರು ಇಲಾಖೆಯ ಮುಖ್ಯಸ್ಥರು. ಹೊರದೇಶದಲ್ಲಿ ಓದಿ ಬಂದವರು. ಏನು ಓದಿದರೆಂಬುದು ಯಾರಿಗೂ ಗೊತ್ತಿರಲಿಲ್ಲ. ಹೊರದೇಶದಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಇಂಗ್ಲಿಷ್ ಪದವೊಂದು ತಮಗೆ ತಿಳಿಯದೆಂದು ಹೊರಗೆ ಬಿದ್ದರೆ, ಅಷ್ಟು ದೂರ ಹೋದದ್ದು ವ್ಯರ್ಥವಾಯಿತಲ್ಲವೇ?

"ಪೆರೆಂಡಿನೇಟ್!" ಎಂದರು ಸಾಹೇಬರು, ಹಳೆಯ ಗೆಳೆಯನನ್ನು ಕಂಡವರಂತೆ. "ಎಷ್ಟು ವರ್ಷ ಆಯ್ತಪ್ಪಾ ಈ ಮಾತು ಕೇಳಿ! ಯಾರು ಬರೆದಿದ್ದು?"

ಎಂಜಿನಿಯರರು ಸೂಪರಿಂಟೆಂಡೆಂಟರನ್ನು ನೋಡಿದರು. ಸೂಪರಿಂಟೆಂಡೆಂಟರು ನಿಘಂಟಪ್ಪನವರನ್ನು ಮುಂದೆ ತಳ್ಳಿದರು.

"ಭೇಷ್. ನಾನು ಹೊರಗೆ ಓದ್ತಿದ್ದಾಗ ನಮ್ಮ ಹಾಸ್ಟೆಲ್ ಎದುರುಗಡೆ ಕಟ್ಟಡಾನ ಪೆರೆಂಡಿನೇಟ್ ಮಾಡಿದ್ರು. ನಾನೇ ಕಿಟಕೀಲಿ ನಿಂತು ನೋಡಿದೀನಿ. ಏನು ಸದ್ದು, ಏನು ಧೂಳು! ಒಂದೇ ದಿನದಲ್ಲಿ ನೆಲ ಸಮ."

ಎಂಜಿನಿಯರರಿಗೆ ಕೊನೆಗೂ ಪದದ ಅರ್ಥ ಸಿಕ್ಕಿತ್ತು. ಅವರ ಮುಖ ಅರಳಿತು. ನಿಘಂಟಪ್ಪನವರು ಒಂದು ಹೆಜ್ಜೆ ಮುಂದೆ ಬಂದರು.

"ಸರ್, ಆ ಕಟ್ಟಡದಲ್ಲಿ ಜನ..."

"ಇರ್ತಾರೆ, ಕಟ್ಟಡ ಅಂದ್ಮೇಲೆ. ಖಾಲಿ ಮಾಡಿಸಿ. ಮೆಟ್ಟಿಲೊಂದನ್ನೇ ಪೆರೆಂಡಿನೇಟ್ ಮಾಡಿದ್ರೆ ಜನ ಹತ್ತೋದು ಹೇಗ್ರೀ? ಸ್ವಲ್ಪ ತಲೆ ಓಡಿಸಬೇಕು." ಸಾಹೇಬರು ಹಸಿರು ಶಾಯಿಯಲ್ಲಿ ಬರೆದರು: "ಮೇಲಿನಂತೆ. ಇಡೀ ಕಟ್ಟಡ." ಬಳಿಕ ತಲೆಯೆತ್ತಿ, "ನಿಮ್ಮಂಥೋರು ನನಗೆ ಬೇಕು. ಪೆರೆಂಡಿನೇಷನ್ ವಿಭಾಗ ಅಂತಾನೇ ಒಂದು ಶುರು ಮಾಡೋಣ. ಇವರಿಗೆ ಒಂದು ಕೈಯಿರೋ ಕುರ್ಚಿ ಕೊಡ್ರೀ," ಎಂದರು.

ಕೈಯಿರುವ ಕುರ್ಚಿ! ಸೇವೆಗೆ ಸೇರಿದಂದಿನಿಂದ ನಿಘಂಟಪ್ಪನವರು ಕೈಯಿಲ್ಲದ ಕುರ್ಚಿಯಲ್ಲಿ, ಮೊಣಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುಳಿತಿದ್ದವರು. ಸಂಜೆಯೊಳಗೆ ಕುರ್ಚಿ ಬಂತು. ಅವರು ಅದರ ಎರಡು ಕೈಗಳ ಮೇಲೆ ತಮ್ಮ ಎರಡು ಕೈಗಳನ್ನೂ ಚಾಚಿ ಕುಳಿತರು. ಒಬ್ಬ ಮುದುಕಿಗೆ ಒಂದು ಕಂಬಿ ಸಿಗಲಿಲ್ಲ. ಅದನ್ನು ತಡೆದವನಿಗೆ ಎರಡು ಹಿಡಿಕೆಗಳು ಸಿಕ್ಕವು.

ಬುಧವಾರ ವಸತಿಗೃಹಕ್ಕೆ ಇಲಾಖೆಯ ಆಳುಗಳು ಬಂದು ಗೋಡೆಗೋಡೆಗೂ ಕೆಂಪು ಬಣ್ಣದ ಗುರುತು ಎಳೆದರು. ಯಾವುದರ ಗುರುತೆಂದು ಅವರನ್ನು ಯಾರೂ ಕೇಳಲಿಲ್ಲ, ಏಕೆಂದರೆ ದರ್ಜಿ ಅಷ್ಟರಲ್ಲಿ ಎಲ್ಲರಿಗೂ ವಿವರಿಸಿ ಮುಗಿಸಿದ್ದ.

"ಪೆರೆಂಡಿನೇಟ್ ಮಾಡ್ತಾರೆ. ಗೋಡೆ ಒಳಗೆ ಔಷಧಿ ಬಿಟ್ಟಂಗೆ. ಭಾವನ ಮನೇಲಿ ಮಾಡಿದ್ಮೇಲೆ ಬೇಸಿಗೇಲೂ ತಂಪು."

ಟೈಪಿಸ್ಟಮ್ಮ ಸೆರಗು ಬಿಗಿದು ಮೂರನೇ ಮಹಡಿಗೆ ಏರಿ ಬಂದಳು. "ಏನ್ರೀ ನಿಘಂಟಪ್ಪನೋರೇ, ನಿಮ್ಮ ಮನೆ ಗೋಡೆಗೆ ನಾಲ್ಕು ಗುರುತು, ನಮ್ಮ ಮನೆಗೆ ಎರಡೇ? ನಾವೇನು ಪಾಪ ಮಾಡಿದೀವಿ? ಇಲಾಖೇಲಿ ಇದ್ದೀರಿ ಅಂತ ನಿಮ್ಮ ಮನೆಗೇ ಹೆಚ್ಚು ಪೆರೆಂಡಿನೇಟ್ ಮಾಡಿಸ್ಕೋತೀರಾ?"

"ಹಾಗಲ್ಲಮ್ಮಾ, ಅದು..."

"ನನಗೂ ಗೊತ್ತು ಅದೇನು ಅಂತ. ನಾನೂ ದಿನಾ ಇಂಗ್ಲಿಷ್ ಟೈಪ್ ಮಾಡೋಳೇ. ನಮ್ಮ ಅಡುಗೆಮನೆಗೂ ಆಗ್ಬೇಕು, ಅಷ್ಟೇ."

"ಟೈಪಿಸ್ಟಮ್ಮಾ," ಎಂದು ಮೆಟ್ಟಿಲ ತುದಿಯಲ್ಲಿ ಬೆತ್ತದ ಪೀಠ, ಅಂದರೆ ಮೋಡಾ, ಹಾಕಿಕೊಂಡು ಕುಳಿತಿದ್ದ ಅತ್ತೆ ಕರೆದರು. "ಗೊತ್ತು ಅಂದ್ಯಲ್ಲ, ನನಗೂ ಹೇಳು. ಹಾಗಂದ್ರೇನು?"

ಟೈಪಿಸ್ಟಮ್ಮನಿಗೆ ಒಲೆಯ ಮೇಲೆ ಹಾಲಿಟ್ಟದ್ದು ಥಟ್ಟನೆ ನೆನಪಾಯಿತು.

ಗುರುವಾರ ಗೇಟಿಗೆ ಪ್ರಕಟಣೆ ಅಂಟಿಸಲಾಯಿತು. ಅದರಲ್ಲಿ ಆ ಒಂದು ಪದದ ಹೊರತು ಉಳಿದೆಲ್ಲವೂ ಸ್ಪಷ್ಟವಾಗಿತ್ತು: ಕಟ್ಟಡವನ್ನು ಪೆರೆಂಡಿನೇಟ್ ಮಾಡುವ ಸಲುವಾಗಿ ಶನಿವಾರ ಬೆಳಗ್ಗೆಯೊಳಗೆ ನಿವಾಸಿಗಳೆಲ್ಲ ಸಾಮಾನು ಸಮೇತ ಮನೆ ಖಾಲಿ ಮಾಡತಕ್ಕದ್ದು, ಬದಲಿ ಮನೆಯ ವಿಷಯ ಪರಿಶೀಲನೆಯಲ್ಲಿದೆ, ಬುಲ್ಡೋಜರ್ ಬರುವಾಗ ಮಕ್ಕಳನ್ನು ದೂರವಿಡುವುದು.

ಬುಲ್ಡೋಜರ್ ಎಂಬ ಪದದ ಅರ್ಥ ಎಲ್ಲರಿಗೂ ಗೊತ್ತಿತ್ತು.

"ನಿಮ್ಮ ಬಾಯಿಗೆ ಬೀಗ ಹಾಕ!" ಎಂದು ದರ್ಜಿ ಮೆಟ್ಟಿಲ ಬುಡದಲ್ಲೇ ನಿಂತು ಕೂಗಿದ. "ಕಂಬಿ ಹಾಕ್ಸಿ ಅಂದ್ರೆ ಮನೇನೇ ಕೀಳಿಸ್ತೀರೇನ್ರೀ?"

"ಭಾವನ ಮನೇಲಿ ಮಾಡ್ಸಿದ್ರು ಅಂದ್ಯಲ್ಲಯ್ಯಾ!" ಎಂದು ಟೈಪಿಸ್ಟಮ್ಮ ಅವನ ಮೇಲೆ ಹರಿಹಾಯ್ದಳು.

"ನೀವು ಅಡುಗೆಮನೆಗೂ ಬೇಕು ಅಂದ್ರಲ್ಲಮ್ಮಾ!"

ಆ ರಾತ್ರಿ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತ, ಒಂದೊಂದು ಪಾತ್ರೆಯನ್ನೂ ಅಗತ್ಯಕ್ಕಿಂತ ಜೋರಾಗಿ ಇಳಿಸಿದಳು. "ರೀ, ಎಲ್ಲಿಗೆ ಹೋಗೋದು? ಅಮ್ಮನ್ನ ಯಾವ ಬೀದೀಲಿ ಕೂರ್ಸೋದು? ನೀವು ಹೋಗಿ ಒಂದು ಮಾತು ಹೇಳ್ಬಾರ್ದಾ? ಬಾಯಿ ಇಲ್ವಾ? ಬೇರೆ ಹೊತ್ತಲ್ಲಿ ಅಷ್ಟೊಂದು ಇರುತ್ತಲ್ಲ!"

ಶುಕ್ರವಾರ ನಿಘಂಟಪ್ಪನವರು ಒಂದು ಮಾತು ಹೇಳಲೆಂದೇ ಸಾಹೇಬರ ಕೋಣೆಯ ಹೊಸ್ತಿಲನ್ನು ದಾಟಿದರು. ಸಾಹೇಬರು ಒಬ್ಬರೇ ಇದ್ದರು. ಬಾಗಿಲೂ ಮುಚ್ಚಿತ್ತು. ಸತ್ಯವನ್ನು ಅಗ್ಗವಾಗಿ ಹೇಳಬಹುದಾದ ಕಡೆಯ ಅವಕಾಶ ಅದು.

"ಸರ್, ಆ ಪದದ ವಿಷಯ..."

"ಬನ್ನಿ ಬನ್ನಿ! ನಿಮ್ಮ ವಿಷಯವೇ ಮೇಲಕ್ಕೆ ಬರೀತಿದ್ದೆ. ಇನ್ನೂ ಐದಾರು ಕಟ್ಟಡ ನೋಡಿದೀನಿ, ಎಲ್ಲಾ ಪೆರೆಂಡಿನೇಟ್ ಮಾಡೋಣ. ವಿಭಾಗಕ್ಕೆ ನೀವೇ ಮುಖ್ಯಸ್ಥರು. ಕುರ್ಚಿ ಹೇಗಿದೆ?"

"ಚೆನ್ನಾಗಿದೆ ಸರ್."

"ಹಿಂದಕ್ಕೆ ಒರಗಿದ್ರೆ ಬಗ್ಗುತ್ತಾ?"

"ಬಗ್ಗುತ್ತೆ ಸರ್."

"ಮತ್ತೇನೋ ಹೇಳೋಕೆ ಬಂದ್ರಿ?"

"ಅದೇ ಸರ್. ಕುರ್ಚಿ ಚೆನ್ನಾಗಿದೆ ಅಂತ."

ಇಂಥವರನ್ನು ಕುರಿತು ಕನಿಕರಪಡಬೇಡಿ. ಹೆಂಡತಿ, ಅತ್ತೆ, ನೆರೆಹೊರೆ, ನೆತ್ತಿಯ ಮೇಲಿನ ಸೂರು, ಇಷ್ಟನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಹಿಂದಕ್ಕೆ ಬಗ್ಗುವ ಕುರ್ಚಿಯೊಂದನ್ನು ಇನ್ನೊಂದರಲ್ಲಿಟ್ಟು, ಕುರ್ಚಿಯೇ ಭಾರವೆಂದು ಕಂಡುಕೊಂಡವನ ಮೇಲೆ ಕನಿಕರವನ್ನು ಖರ್ಚು ಮಾಡುವುದು ದುಂದುಗಾರಿಕೆ.

ಶನಿವಾರ ಬೆಳಗಾಯಿತು. ಬೀದಿಯ ತುಂಬ ಮಂಚ, ಹಾಸಿಗೆಸುರುಳಿ, ಬಕೆಟ್ಟು, ಹೊಲಿಗೆ ಯಂತ್ರ. ಟೈಪಿಸ್ಟಮ್ಮನ ಕಬ್ಬಿಣದ ಬೀರು, ಈ ಎಲ್ಲ ಅನರ್ಥಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ವಿದ್ಯುತ್ ಕಂಬಕ್ಕೆ ಒರಗಿ ನಿಂತಿತ್ತು. ಬುಲ್ಡೋಜರ್ ಗುರುಗುಟ್ಟುತ್ತ ಗೇಟಿನೊಳಗೆ ಬಂತು. ಪೆರೆಂಡಿನೇಷನ್ ವಿಭಾಗದ ಮೊದಲ ಸಾಧನೆಯನ್ನು ಕಣ್ಣಾರೆ ಕಾಣಲು ಸಾಹೇಬರೇ ದಯಮಾಡಿಸಿದ್ದರು. ಪಕ್ಕದಲ್ಲಿ ಎಂಜಿನಿಯರರು, ಹಿಂದೆ ಸೂಪರಿಂಟೆಂಡೆಂಟರು, ಅವರ ಹಿಂದೆ, ತಮ್ಮ ಮನೆಯ ಆರಾಮಕುರ್ಚಿಯನ್ನು ಹೊತ್ತುಕೊಂಡೇ, ನಿಘಂಟಪ್ಪನವರು.

"ಎಲ್ಲಾ ಖಾಲಿ ಆಯ್ತಾ?" ಎಂದು ಎಂಜಿನಿಯರರು ಕೇಳಿದರು.

"ಇಲ್ಲ," ಎಂದಿತು ಒಂದು ಧ್ವನಿ, ಮೇಲಿನಿಂದ.

ಮೆಟ್ಟಿಲ ಕೋಣೆ ಬೀದಿಯ ಕಡೆಗೆ ತೆರೆದೇ ಇತ್ತು. ಮೂರನೇ ಮಹಡಿಯ ತುದಿಯಲ್ಲಿ, ಕಂಬಿ ಇರಬೇಕಾಗಿದ್ದ ಜಾಗದ ಪಕ್ಕ, ಮೋಡಾದ ಮೇಲೆ ಅತ್ತೆ ಕುಳಿತಿದ್ದರು.

"ಅಮ್ಮಾ, ಇಳಿದು ಬನ್ನಿ! ಕಟ್ಟಡ ಬೀಳಿಸ್ತಾರೆ!" ಎಂದು ಸೂಪರಿಂಟೆಂಡೆಂಟರು ಕೂಗಿದರು.

"ಹೇಗೆ ಇಳೀಲಪ್ಪಾ? ಕಂಬಿ ಇಲ್ಲ. ಅದಕ್ಕೇ ಅಲ್ವಾ ಅರ್ಜಿ ಕೊಟ್ಟಿದ್ದು?"

"ಆಳುಗಳನ್ನ ಕಳಿಸ್ತೀವಿ, ಎತ್ಕೊಂಡು ಬರ್ತಾರೆ."

"ನಾನೇನು ಬೀರುವಾ? ಬರ್ಲಿ ನೋಡೋಣ, ಈ ಮೋಡಾ ಅವರ ತಲೆ ಮೇಲಿರುತ್ತೆ. ಮೊದ್ಲು ಒಂದು ಮಾತಿಗೆ ಉತ್ತರ ಕೊಡಿ. ಸೋಮವಾರದಿಂದ ಕೇಳ್ತಿದೀನಿ, ಒಬ್ರೂ ಹೇಳ್ತಿಲ್ಲ. ಅದೇನೋ ಪೆರೆಂಡಿ ಅಂತೀರಲ್ಲ, ಹಾಗಂದ್ರೇನು? ನನ್ನ ಮನೆ ಯಾವ ಮಾತಿಗೆ ಬಿತ್ತು ಅಂತ ತಿಳ್ಕೊಂಡು ಇಳೀತೀನಿ."

ಜನ ಸಾಹೇಬರನ್ನು ನೋಡಿದರು. ಸಾಹೇಬರು ಆಕಾಶವನ್ನು ನೋಡಿ, ಅಲ್ಲಿ ಏನೂ ಬರೆದಿಲ್ಲದ್ದರಿಂದ, ಎಂಜಿನಿಯರರನ್ನು ನೋಡಿ, "ಹೇಳ್ರೀ," ಎಂದರು.

"ನಾನು ಕಾರ್ಯರೂಪ ಅಷ್ಟೇ ಸರ್. ಅರ್ಥ ಸೂಪರಿಂಟೆಂಡೆಂಟ್ ವಿಭಾಗದ್ದು."

"ನಾನು ಮೇಲಿನಂತೆ ಅಂತ ಬರೆದೋನು ಸರ್. ಮೇಲೆ ಬರೆದೋರು ಇವರು."

ಬೀದಿಯ ಕಣ್ಣುಗಳೆಲ್ಲ ಆರಾಮಕುರ್ಚಿಯ ಹಿಂದೆ ಅಡಗಿದ್ದ ಮನುಷ್ಯನ ಮೇಲೆ ಬಿದ್ದವು. ಹೆಂಡತಿ ಬಂದು ಅವರ ಕೈಯಿಂದ ಕುರ್ಚಿಯನ್ನು ಕಿತ್ತುಕೊಂಡಳು. ಅಡಗಲು ಇನ್ನೇನೂ ಉಳಿಯಲಿಲ್ಲ. ಬುಲ್ಡೋಜರ್ ಒಮ್ಮೆ ಕೆಮ್ಮಿ, ಮೂತಿಯನ್ನು ಮೇಲೆತ್ತಿತು.

"ನಾಡಿದ್ದು," ಎಂದರು ನಿಘಂಟಪ್ಪನವರು.

"ಏನು ನಾಡಿದ್ದು?" ಎಂದರು ಸಾಹೇಬರು.

"ಪೆರೆಂಡಿನೇಟ್ ಅಂದ್ರೆ... ನಾಡಿದ್ದಿಗೆ ಮುಂದೆ ಹಾಕೋದು ಸರ್."

"ಮತ್ತೆ?"

"ಮತ್ತೇನಿಲ್ಲ ಸರ್. ಅಷ್ಟೇ."

ಚಾಲಕ ಯಂತ್ರವನ್ನು ಆರಿಸಿದ. ಇದ್ದಕ್ಕಿದ್ದಂತೆ ಕವಿದ ಮೌನದಲ್ಲಿ ದರ್ಜಿಯ ತಾಯಿ ಕಲ್ಲುಬೆಂಚಿನ ಮೇಲಿಂದ, "ಏನಂತೆ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. "ನಾಡಿದ್ದಂತೆ ಕಣಮ್ಮಾ," ಎಂದ ದರ್ಜಿ. "ನಾಡಿದ್ದಾ? ಅಷ್ಟಕ್ಕೆ ನನ್ನ ಮಂಚ ಯಾಕೆ ಹೊರಗೆ ತಂದೆ?"

ಮೇಲಿನಿಂದ ಅತ್ತೆಯ ನಗು ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿಬಂತು. ಇಷ್ಟು ದಿನ ಕೆಳಗೆ ಇಳಿಯದೆ ಉಳಿದ ನಗುವೆಲ್ಲ ಒಟ್ಟಿಗೆ ಇಳಿಯುತ್ತಿತ್ತು.

ಸಾಹೇಬರ ಕಿವಿ ಕೆಂಪಗಾದದ್ದು ಒಂದೇ ಕ್ಷಣ. ದೊಡ್ಡ ಹುದ್ದೆಗೆ ಏರಿದವರಿಗೂ ಏರದವರಿಗೂ ಇರುವ ವ್ಯತ್ಯಾಸ ಆ ಕ್ಷಣದ ಮರುಕ್ಷಣದಲ್ಲಿ ಕಾಣುತ್ತದೆ. "ಗೊತ್ತು," ಎಂದರು ಅವರು. "ನನಗೆ ಮೊದಲಿಂದ್ಲೂ ಗೊತ್ತು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಅಂತ ಪರೀಕ್ಷೆ ಮಾಡ್ತಿದ್ದೆ."

"ನಾನೂ ಅದೇ ಅಂದ್ಕೊಂಡಿದ್ದೆ ಸರ್," ಎಂದರು ಎಂಜಿನಿಯರರು.

"ಹಾಗಾದ್ರೆ ನಾನು ಇವತ್ತು ಬರಬೇಕಿತ್ತಾ, ಬೇಡ್ವಾ?" ಎಂದು ಬುಲ್ಡೋಜರಿನ ಚಾಲಕ ಕೇಳಿದ.

"ನಾಡಿದ್ದು ಬಾ. ಆದೇಶದಲ್ಲೇ ಇದೆಯಲ್ಲ!"

ಆದೇಶವನ್ನು ರದ್ದುಪಡಿಸಬಹುದಿತ್ತಲ್ಲ ಎನ್ನುವಿರಾ? ರದ್ದುಪಡಿಸಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಅರ್ಥ ಬರೆಯಬೇಕು. ಅದರ ಕೆಳಗೆ ಸಹಿ ಹಾಕಲು ಆ ಇಲಾಖೆಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಆದ್ದರಿಂದ ಆದೇಶ ಇಂದಿಗೂ ಜೀವಂತವಾಗಿದೆ. ಹೇಳಿದ ದಿನ ಚಾಲಕ ತಪ್ಪದೆ ಬಂದ. ಸೂಪರಿಂಟೆಂಡೆಂಟರು ಕಡತವನ್ನು ಅವನ ಮುಂದೆ ಹಿಡಿದರು.

"ಏನು ಬರೆದಿದೆ ಓದು."

"ಪೆರೆಂಡಿನೇಟ್ ಮಾಡುವುದು."

"ಅಂದ್ರೆ?"

"ನಾಡಿದ್ದು."

"ಮತ್ತೆ ಇವತ್ತು ಯಾಕೆ ಬಂದೆ?"

ಕಟ್ಟಡ ಹೀಗೆ ಆ ಪದವೊಂದರ ಆಧಾರದ ಮೇಲೆ ನಿಂತಿದೆ. ನಿವಾಸಿಗಳು ಮಂಚಗಳನ್ನು ಮತ್ತೆ ಒಳಗೆ ಹೊತ್ತರು. ಕೈಯಿರುವ ಕುರ್ಚಿಯನ್ನು ಆ ಶನಿವಾರವೇ ಹೊತ್ತೊಯ್ದರು. ನಿಘಂಟಪ್ಪನವರ ಮೊಣಕೈಗಳು ಮತ್ತೆ ನಿರಾಶ್ರಿತವಾದವು. ಕಂಬಿ ಮಾತ್ರ ಬರಲಿಲ್ಲ. ಕೆಡವಲು ಆದೇಶವಾಗಿರುವ ಕಟ್ಟಡಕ್ಕೆ ದುರಸ್ತಿ ಮಾಡುವುದು ನಿಯಮಬಾಹಿರ.

ಆದ್ದರಿಂದ ಈಗ ನಿಘಂಟಪ್ಪನವರೇ ಕಂಬಿ. ಇದು ಹೆಂಡತಿಯ ಆದೇಶ. ಇದಕ್ಕೆ ಯಾರೂ ಏನನ್ನೂ ಸೇರಿಸಿಲ್ಲ. ಪ್ರತಿದಿನ ಸಂಜೆ ಕಚೇರಿಯಿಂದ ಬಂದು, ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ಅವರು ಗೋಡೆಯಿಲ್ಲದ ಬದಿಯಲ್ಲಿ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಾರೆ. ಅತ್ತೆ ಅವರ ಭುಜವನ್ನು ಬಿಗಿಯಾಗಿ ಹಿಡಿದು, ನಿಧಾನವಾಗಿ, ದಾರಿಯುದ್ದಕ್ಕೂ ಮಾತಾಡುತ್ತ ಇಳಿಯುತ್ತಾರೆ.

"ಅಳಿಯಂದಿರೇ, ಇವತ್ತು ಗೋಡೇಲಿ ಯಾವ ಪದ ಬಂತು?"

"ಹಾಳೆ ಹರಿದಿಲ್ಲ ಅತ್ತೆ."

"ಒಳ್ಳೇದಾಯ್ತು. ಅಲುಗಾಡಬೇಡಿ, ಕಂಬಿ ಮಾತಾಡಲ್ಲ."

ಈಗ ನಿಮ್ಮ ಸರದಿ. ಆ ಬೀದಿಯಲ್ಲಿ ಅಷ್ಟು ಮಂದಿ ತಲೆಯಾಡಿಸಿದರು, ಒಬ್ಬರು ಮಾತ್ರ ಕೇಳಿದರು. ನೀವು ಯಾರ ಸಾಲಿನಲ್ಲಿ ನಿಲ್ಲುವವರೆಂಬುದು ಮುಂದಿನ ಸಲ ಯಾರಾದರೂ ನಿಮ್ಮ ಮುಂದೆ ಒಂದು ದೊಡ್ಡ ಪದವನ್ನು ಉರುಳಿಸಿದಾಗ ತಿಳಿಯುತ್ತದೆ. ಕತ್ತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದು ಆಡದಂತೆ ನೋಡಿಕೊಂಡು, ಎಲ್ಲರಿಗೂ ಕೇಳಿಸುವಂತೆ "ಹಾಗಂದರೇನು?" ಎಂದು ಕೇಳಿ. ಯಾರಾದರೂ ನಕ್ಕರೆ ಅವರನ್ನೇ ಅರ್ಥ ಹೇಳುವಂತೆ ಕೇಳಿ. ನಾಚಿಕೆಯಾಗುತ್ತದೆಯೇ? ಹಾಗಿದ್ದರೆ ಇಂದು ಸಂಜೆಯೇ ಮನೆಯವರ ಮುಂದೆ ಒಮ್ಮೆ ಅಭ್ಯಾಸ ಮಾಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ, ಇದನ್ನು ಮಾತ್ರ ನಾಡಿದ್ದಿಗೆ ಇಡಬೇಡಿ.